ಕಾವು

ಮಾಚೇನಹಳ್ಳಿಯ ಫೌಂಡ್ರಿ. ಮೂರನೇ ಶೆಡ್ಡಿನ ಕೊನೆಯಲ್ಲಿ
ದಸ್ತಗೀರ್ ಸಾಬರು ಬ್ರೇಕ್ ಡ್ರಮ್ಮು ತಟ್ಟುತ್ತಾರೆ,
ಸಂತೆಯಲ್ಲಿ ಹಲಸಿನಹಣ್ಣು ತಟ್ಟುವ ಹಾಗೆ,
ಕೊಳ್ಳುವ ಮುಂಚೆ ಮಡಕೆಯನ್ನು
ಬೆರಳ ಗೆಣ್ಣಿನಿಂದ ಮಾತಾಡಿಸುವ ಹಾಗೆ.
ಟಣ್. ಬಲಕ್ಕೆ.
ಟಣ್. ಬಲಕ್ಕೆ.
ಟಕ್. ಎಡಕ್ಕೆ, ಮತ್ತೆ ಕುಲುಮೆಗೆ.
ಪಾಳಿಗೆ ಒಂಬೈನೂರು.
ಹುಲಿಕಲ್ ಘಾಟಿ ಇಳಿಯುವ ಲಾರಿಗೆ ಹೋಗುವಂಥವು;
ಒಡಕು ಅಲ್ಲಿ ಗೊತ್ತಾಗಬಾರದು, ಇಲ್ಲೇ ಗೊತ್ತಾಗಬೇಕು.

ಟಣ್‌ಗೂ ಟಕ್‌ಗೂ ನಡುವೆ ಇರುವುದನ್ನು
ಅಂಕಿಗೆ ಇಳಿಸಲು ಹೋದವಳು ನಾನು.
ಪಿಎಚ್‌ಡಿಯ ಮೂರನೇ ವರ್ಷ. ಚೀಲದಲ್ಲಿ ನಾಲ್ಕು ಮೈಕು,
ಲ್ಯಾಪ್‌ಟಾಪು, ಗೈಡ್ ಬರೆದುಕೊಟ್ಟ ಪತ್ರ.
ಮ್ಯಾನೇಜರ್ ಕೇಳಿದ್ದು ಒಂದೇ ಮಾತು:
"ಎಷ್ಟು ಆಳು ಉಳಿಯುತ್ತೆ?"
ಉಳಿಯುವುದು ಅಂದರೆ ಏನೆಂದು ನಾನು ತಿರುಗಿ ಕೇಳಲಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ, ಫೋಮು ಅಂಟಿಸಿದ ಗೋಡೆಗಳ ನಡುವೆ
ನನ್ನ ಮಾಡೆಲ್ ನೂರಕ್ಕೆ ತೊಂಬತ್ತೇಳು.
ಶೆಡ್ಡಿಗೆ ತಂದೆ. ಇಲ್ಲಿ ಕುಲುಮೆ ಗುಂಯ್ಗುಡುತ್ತದೆ,
ಮರಳಿನ ಜರಡಿ, ಗ್ರೈಂಡರು, ಕ್ರೇನಿನ ಸರಪಳಿ,
ಆಚೆ ಹಳಿಯ ಮೇಲೆ ಭದ್ರಾವತಿ ಕಡೆಯ ರೈಲು.
ಮಾಡೆಲ್ ಐವತ್ತೊಂದಕ್ಕೆ ಇಳಿಯಿತು.
ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತಿತ್ತು.
ಗೈಡ್ ಹೇಳಿದರು: ಇನ್ನೂ ಡೇಟಾ ಬೇಕು.
ಸಾಬರು ಹೇಳಿದರು: ಮೇಡಮ್ಮಾ, ಊಟ ಆಯ್ತಾ?

ಏಳನೇ ವಾರ, ಅವರ ಎಡಕ್ಕೆ ನಿಂತು ಏನೋ ಕೇಳಿದೆ.
ಉತ್ತರವಿಲ್ಲ. ಮತ್ತೆ ಕೇಳಿದೆ. ಇಲ್ಲ.
ಗ್ರೈಂಡರಿನ ಹಾಲಪ್ಪ ದೂರದಿಂದಲೇ ಕಿವಿ ತೋರಿಸಿ ಕೈಯಾಡಿಸಿದ:
"ಅತ್ಲಾಗಿಂದು ಹೋಗಿ ಹನ್ನೆರಡು ವರ್ಷ. ಇತ್ಲಾಗಿಂದು ಅರ್ಧ."

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಬಿರುಕಿನ ಸುಳಿವು ಸೆಕೆಂಡಿಗೆ ಐದು ಸಾವಿರ ಕಂಪನಗಳಾಚೆ.
ಅದನ್ನು ಹಿಡಿಯುವ ಕಿವಿ ಈ ಮನುಷ್ಯನಿಗಿಲ್ಲ.
ಹಾಗಾದರೆ ದಿನಾ ಒಂಬೈನೂರರಲ್ಲಿ ಮೂವತ್ತನ್ನು
ಎಡಕ್ಕೆ ಇಡುತ್ತಿರುವುದು ಯಾರು?

ಮರುದಿನ ಬಲಗಿವಿಗೆ ಬಾಗಿ, ಕೂಗಿ ಕೇಳಿದೆ.
ನಕ್ಕು, ಸುತ್ತಿಗೆಯನ್ನೇ ನನ್ನ ಕೈಗಿತ್ತರು.
ಮತ್ತಿ ಮರದ ಕಾವು. ಹೆಬ್ಬೆರಳು ಕೂರುವಲ್ಲಿ
ಮೂವತ್ತು ವರ್ಷ ಸವೆದ ಸಣ್ಣ ಹಳ್ಳ,
ನನ್ನ ಬೆರಳಿಗೆ ದೊಡ್ಡದು.
ಕುಲುಮೆಯಲ್ಲಿ ಒಂದು ಕಾವು, ಕೈಯಲ್ಲಿ ಇನ್ನೊಂದು.
"ಬಿಗಿ ಹಿಡೀಬ್ಯಾಡಿ. ಕೋಳಿಮರಿ ಹಿಡಿದಂಗೆ ಹಿಡೀರಿ.
ಒಳ್ಳೇದು ಕೈಯಿಂದ ಹಾರ್ತದೆ.
ಒಡಕಂದು ಕೈಯಾಗೇ ಕೂರ್ತದೆ."
ತಟ್ಟಿದೆ. ಹಾರಲಿಲ್ಲ, ಕೂರಲಿಲ್ಲ;
ಮೊಣಕೈ ಜುಮ್ಮೆಂದಿತು, ಅಷ್ಟೇ.

ಮೈಕುಗಳನ್ನು ಕಳಚಿ ಚೀಲಕ್ಕೆ ಹಾಕಿದೆ.
ಶೇಂಗಾಬೀಜದಷ್ಟು ಒಂದು ಸೆನ್ಸರು,
ಆ ಹಳ್ಳದ ಕೆಳಗೆ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದೆ.
ಹದಿನೆಂಟು ದಿನ ಸಾಬರು ತಟ್ಟಿದರು,
ಕಾವು ಬರೆದುಕೊಂಡಿತು.
ಈಗ ಶೆಡ್ಡು ಎಷ್ಟು ಬೇಕಾದರೂ ಗುಡುಗಲಿ:
ತೊಂಬತ್ತೈದು.

ಒಂದು ಡ್ರಮ್ಮನ್ನು ಮಾಡೆಲ್ ಒಳ್ಳೆಯದೆಂದಿತು,
ಸಾಬರು ಎಡಕ್ಕಿಟ್ಟರು.
ಗರಗಸಕ್ಕೆ ಕೊಟ್ಟು ಕೊಯ್ಸಿ ನೋಡಿದೆವು.
ಒಳಗೆ ಸಾಸಿವೆಯಷ್ಟೂ ಗುಳ್ಳೆ ಇರಲಿಲ್ಲ.
ಕೊಯ್ದ ಮುಖವನ್ನು ಅಂಗೈಯಲ್ಲಿ ಸವರಿ
"ನಿಮ್ಮದೇ ಸರಿ" ಅಂದರು.
ಅವತ್ತು ಚಹಾಕ್ಕೆ ಬರಲಿಲ್ಲ.
ಹಾಲಪ್ಪ ಡಬ್ಬಿ ತೊಳೆಯುತ್ತಾ, ಯಾರನ್ನೂ ನೋಡದೆ,
"ಕೊಡಲಿ ಕಾವು ಕುಲಕ್ಕೆ ಸಾವು" ಅಂದ.
ಇದು ಕೊಡಲಿಯಲ್ಲ, ಸುತ್ತಿಗೆ
ಎಂದು ನಾನು ಹೇಳಬಹುದಿತ್ತು.

ಪ್ರಬಂಧ ಕಳಿಸಿಯಾಯಿತು. ಆರು ಪುಟ, ಎಂಟು ಚಿತ್ರ;
ಒಂದರಲ್ಲಿ ಕಾವು, ಕೈ ಇಲ್ಲದೆ.
ಪರಿಶೀಲಕರೊಬ್ಬರ ಮೂರನೇ ಪ್ರಶ್ನೆ:
ಸೆನ್ಸರ್ ಇಡುವ ಜಾಗವನ್ನು ಹೇಗೆ ಆರಿಸಿದಿರಿ?

ಪ್ರಯೋಗಗಳಿಂದ, ಎಂದು ಬರೆದೆ. ಅಳಿಸಿದೆ.
ಕರ್ಸರು ಮಿಣುಕುತ್ತಿದೆ, ಟಣ್ಣೆನ್ನದೆ, ಟಕ್ಕೆನ್ನದೆ.
ನಾಳೆ ಸುತ್ತಿಗೆ ವಾಪಸು ಕೊಡಬೇಕು.
ಟ್ಯೂಬು ಬಿಚ್ಚಿದರೆ ಮರದ ಮೇಲೆ ಹೊಸದೊಂದು ಗುರುತು,
ಹಳ್ಳದ ಕೆಳಗೆ, ಚೌಕಾಕಾರ.
ಕಣ್ಣಿಗೆ ಕಾಣುವಂಥದ್ದಲ್ಲ.
ಅವರ ಬೆರಳಿಗೆ ಸಿಗುತ್ತದೆ.