ಕೊಂಡಿ

"ಮನೆ ಮಟ್ಟಿಗೆ ಇಟ್ಕೊಂಡಿದ್ದ ಗಾಡಿ ಮೇಡಂ,
ಒಂದು ದಿನ ಏನನ್ನೂ ಎಳೆದಿಲ್ಲ"
ಎಂದರು ಮರುಳಸಿದ್ದಪ್ಪ.
ಅರಸೀಕೆರೆಯ ಹನ್ನೊಂದು ಗಂಟೆ ಬಿಸಿಲು
ಬಾನೆಟ್ಟಿನ ಮೇಲೆ ಕಾಲು ಚಾಚಿತ್ತು.
ಎರಡು ಸಾವಿರದ ಏಳರ ಪಜೆರೊ,
ಒಂದು ಕಾಲದಲ್ಲಿ ಬೆಳ್ಳಿ ಬಣ್ಣ.
ಮೀಟರು ಎಂಬತ್ತೆಂಟು ಸಾವಿರ ಅನ್ನುತ್ತಿತ್ತು,
ಕ್ಲಚ್ಚಿನ ರಬ್ಬರು ಸವೆದು ಇಣುಕಿದ ಕಬ್ಬಿಣ
ಅದನ್ನು ಒಪ್ಪುತ್ತಿರಲಿಲ್ಲ.

ನನಗೆ ಬೇಕಾದದ್ದು ಎಳೆದ ಗಾಡಿಯೇ.
ಹಾಗಂತ ಹೇಳಲಾದೀತೆ ವ್ಯಾಪಾರದಲ್ಲಿ?
ಸುಮ್ಮನೆ ಟೈರು ಒದ್ದೆ,
ಎಲ್ಲರೂ ಒದೆಯುತ್ತಾರೆಂದು.

ನನ್ನ ಹಿಂದೆ ಬರುವುದು ಅರವತ್ತು ಜೇನು ಪೆಟ್ಟಿಗೆಯ ಟ್ರೇಲರು.
ತೆಂಗಿನ ಸೀಮೆಯಿಂದ ಕಾಫಿ ಸೀಮೆಗೆ,
ಹೂಮಳೆ ಬಿದ್ದು ಒಂಬತ್ತನೇ ದಿನಕ್ಕೆ,
ಅದೂ ರಾತ್ರಿಯೇ.
ಹೋದ ವರ್ಷ ಬಾಡಿಗೆ ಟ್ರಾಕ್ಟರು
ಕಡೂರು ದಾಟುವಾಗಲೇ ನಾಲ್ಕೂವರೆ.
ಕೈಮರದ ಮೇಲಿನ ತೋಟದ ಏರಿನಲ್ಲಿ ಚಕ್ರ ಜಾರಿ
ನಿಂತಲ್ಲೇ ಬೆಳಗಾಯಿತು.
ಬೆಳಗಾದ ಮೇಲೆ ಜೇನಿಗೆ ಯಾರ ಹಂಗು?
ಹನ್ನೆರಡು ಪೆಟ್ಟಿಗೆ ಖಾಲಿ,
ಟ್ರಾಕ್ಟರಿನ ಹುಡುಗನ ಮುಖ ಇಡ್ಲಿ.

ನಯಾಜ್ ಗೋಣಿಚೀಲ ಹಾಸಿ ಗಾಡಿಯಡಿ ನುಸುಳಿದ್ದ.
ಕಾಲೆರಡು ಮಾತ್ರ ಹೊರಗೆ.
"ಅಕ್ಕಾ, ಸ್ವಲ್ಪ ಬಗ್ಗಿ."
ಹಿಂದಿನ ಬಂಪರಿನ ಕೆಳಗೆ
ಹಳೇ ಲುಂಗಿ ಸುತ್ತಿದ ಒಂದು ಗಂಟು.
ಬಿಚ್ಚಿದರೆ ಕೊಂಡಿ.
ಮೊನ್ನೆ ಮೊನ್ನೆ ಬಳಿದ ಕಪ್ಪು ಬಣ್ಣ,
ಬಣ್ಣದಡಿ ಗುಂಡಿನ ಒಂದು ಮಗ್ಗುಲು
ಒರಳುಗುಂಡಿನ ಹಾಗೆ ಸವೆದು ನುಣ್ಣಗೆ.
ನಾನು ಮುಟ್ಟಿದೆ.
ಮರುಳಸಿದ್ದಪ್ಪ ಹಿರೇಕಲ್ಲು ಗುಡ್ಡ ನೋಡುತ್ತಿದ್ದರು.

ಮಜ್ಜಿಗೆ ತಂದ ಸರ್ವಮಂಗಳಮ್ಮನಿಗೆ
ಈ ನಾಟಕ ಗೊತ್ತಿರಲಿಲ್ಲ.
"ಎಷ್ಟು ಮದುವೆಗೆ ಕರೆಂಟು ಹೊತ್ಕೊಂಡು ಹೋಗಿದೆ ಅಂತೀರಿ!
ಜಾವಗಲ್, ಬಾಣಾವರ, ಆ ಕಡೆ ತಿಪಟೂರು,
ಜನರೇಟರೇ ಒಂದೂವರೆ ಟನ್ನು.
ಮಣ್ಣಿಗೂ ನಮ್ಮದೇ ಲೈಟು,
ಸತ್ತವರ ಮನೇಲಿ ದುಡ್ಡು ಕೇಳ್ತಿರಲಿಲ್ಲ ಇವರು.
ಈಗ ಛತ್ರದೋರೇ ಇಟ್ಕೊಂಡವ್ರೆ."

ಮಜ್ಜಿಗೆಯಲ್ಲಿ ಇಂಗು ಹೆಚ್ಚಾಗಿತ್ತು.
ಯಾರೂ ಮಾತಾಡಲಿಲ್ಲ.

ಆಮೇಲೆ ಕೆರೆ ಏರಿಯ ಮೇಲೆ ಓಡಿಸಿದೆವು,
ತೆಂಗಿನಕಾಯಿ ತುಂಬಿದ ಪಕ್ಕದವರ ಟ್ರೇಲರು ಕಟ್ಟಿ.
ಚಿಕ್ಕ ಗೇರಿನ ಕೋಲು ಹಿಂದಕ್ಕೆ ಎಳೆದಾಗ
ಗಾಡಿ ಒಮ್ಮೆ ಗಂಟಲು ಸರಿಮಾಡಿಕೊಂಡು
ಹತ್ತಿತು, ಅವಸರವಿಲ್ಲದೆ,
ಹಿಂದೆ ಭಾರವಿದೆ ಎಂದು ಬಲ್ಲವರ ಹಾಗೆ.
"ಎಡ ಹಿಂಗಾಲಿನ ಬೇರಿಂಗು ಗುಂಯ್ ಅಂತಿದೆ" ಎಂದ ನಯಾಜ್.
"ಈ ಸೀಸನ್ ಕಳೀಲಿ, ಬದಲಾಯಿಸೋಣ."

ನಾಲ್ಕು ಲಕ್ಷ ಇಪ್ಪತ್ತು ಅಂದಿದ್ದವರು
ಟವಲಿನಿಂದ ಮುಖ ಒರೆಸಿಕೊಂಡು
"ಸುಳ್ಳು ಹೇಳ್ಬಾರದಿತ್ತು, ಇಪ್ಪತ್ತು ಬಿಟ್ಬಿಡಿ" ಎಂದರು.
ಆ ನಿಜಕ್ಕೆ ನಾನು ಇನ್ನೂ ಇಪ್ಪತ್ತು ಹೆಚ್ಚು ಕೊಡುತ್ತಿದ್ದೆ.
ಹೇಳಲಿಲ್ಲ.
ನೋಟು ಎಣಿಸಿದೆ, ಎಂಜಲು ಹಚ್ಚಿ, ಎರಡು ಸಲ.

ದಿನಕ್ಕೆ ಹತ್ತು ಹದಿನೈದು ಜೇನು ಚುಚ್ಚುತ್ತವೆ ನನಗೆ.
ಅದು ಊದುವುದೂ ಇಲ್ಲ ಈಗ.
ಈ ಇಪ್ಪತ್ತು ಸಾವಿರ ಮಾತ್ರ
ಕೊಂಡಿ ಒಳಗೇ ಮುರಿದು ಉಳಿದಿದೆ.
ಸರ್ವಮಂಗಳಮ್ಮನಿಗೆ ಎರಡು ಕೇಜಿ ತುಪ್ಪ ಕಳಿಸಿದೆ,
ಕಾಫಿ ಹೂವಿನದೇ.
ಲೆಕ್ಕ ಸರಿಹೋಗಲಿಲ್ಲ.

ಮೊದಲ ರಾತ್ರಿ.
ಸಖರಾಯಪಟ್ಟಣದ ಆಚೆ
ಹಿಂದಿನಿಂದ ಗುಂಯ್ ಎನ್ನುವ ಸದ್ದು ಏರಿತು.
ಬೇರಿಂಗು ಹೋಯಿತೆಂದೇ ಬದಿಗೆ ನಿಲ್ಲಿಸಿ
ಟಾರ್ಚು ಹಿಡಿದು ಇಳಿದೆ.
ಅಂಗೈಯಿಟ್ಟರೆ ಹಬ್ಬು ತಣ್ಣಗಿದೆ.
ಕೀ ತಿರುಗಿಸಿ ಇಂಜಿನ್ನನ್ನೂ ಆರಿಸಿದೆ.
ಸದ್ದು ಆರಲಿಲ್ಲ.