ಮೂರು ಸುತ್ತು

ದಾರುಖಾನಾದೊಳಗ ಹಡಗು ಒಡದ ಮ್ಯಾಲ
ಉಳಿದದ್ದೆಲ್ಲ ಹಾತಿಮ್‌ಭಾಯಿ ಅಂಗಡಿಗೆ ಬರತೈತಿ:
ಲಂಗರದ ಸರಪಳಿ, ಹಲ್ಲು ಹೋದ ಗಾಲಿ,
ಯಾವನೋ ಕಪ್ತಾನ ಹಲ್ಲುಜ್ಜಿದ ಲೋಟ.
ನಾನು ಕೊಂಡಿ ಮಾರಾಂವ. ಇಪ್ಪತ್ತೆರಡು ವರ್ಷ ಆತು.
ಸಿಂದಗಿ ಕಡೆಯಾಂವ, ಹೆಸರು ಶಿವಯೋಗಿ.
ಭಾಯಿಯ ಬಾಯಾಗ ಅದು ಜೋಗಿ.

ವಿದುಲಾತಾಯಿ ಬಂದಾಗ ಮಧ್ಯಾಹ್ನ, ಕರೆಂಟಿಲ್ಲ.
ಲಾಲ್‌ಬಾಗಿನ ಚಾಳಿನ ಹಿಂದ ಒಂದು ಹಾಲ್ ಐತಂತ,
ಅಲ್ಲಿ ಹನ್ನೊಂದು ಹುಡುಗ್ಯಾರು
ಹಗ್ಗದ ಮ್ಯಾಲ ಮಲ್ಲಕಂಬ ಕಲೀತಾರಂತ.
ತೊಲಿಗೂ ಹಗ್ಗಕ್ಕೂ ನಡುವ ಒಂದು ಕೊಂಡಿ ಬೇಕು,
ಸಸ್ತಾದ್ದು.

ಸಸ್ತಾದ್ದು ಐತಿ. ಡಬ್ಬಿ ತುಂಬ ಐತಿ.
ಬೆಳ್ಳಿಗಿಂತ ಹೊಳಿತಾವ, ಮೈಮ್ಯಾಲ ಒಂದಕ್ಷರ ಇಲ್ಲ.
ತನ್ನ ಹೆಸರು ಹೇಳಾಕ ನಾಚೋ ಕಬ್ಬಿಣಕ್ಕ
ಸೈಕಲ್ ಕಟ್ರಿ, ಹೂವಿನ ಕುಂಡಿ ಕಟ್ರಿ.
ಮನಿಷ್ಯಾರನ್ನ ಕಟ್ಟಬ್ಯಾಡ್ರಿ.

ಇದನ್ನ ನೋಡ್ರಿ, ಹನ್ನೆರಡು ಎಂಎಂ.
ಕಂಪನಿ ಹೆಸರು, ಕಿಲೋದ ಅಂಕಿ, ಎರಡೂ ಕೊರದಾರ.
ಈ ಅಂಕಿ ಹೊರೋ ತೂಕ.
ಹರಿಯೋ ತೂಕ ಬ್ಯಾರೆ, ಇದರ ಐದು ಪಟ್ಟು.
ಒಂದು ಪಾಲು ನಿಮ್ಮದು.
ಉಳಿದ ನಾಲ್ಕು ನಿಮ್ಮವಲ್ಲ,
ನಮಗ ಗೊತ್ತಿಲ್ಲದ್ದಕ್ಕ ಮೀಸಲು.

ತಾಯಿ ನಕ್ರು: ಎಲ್ಲಾರಿಗಿಂತ ದೊಡ್ಡಾಕಿ
ಮೂವತ್ತೆಂಟು ಕಿಲೋ, ಜೋಗೀಭಾವು.
ನಿಂತಾಗ ಮೂವತ್ತೆಂಟು, ಅಂದೆ.
ಮ್ಯಾಲಿಂದ ಜಾರಿ ಗಕ್ಕನ ನಿಂತಾಗ?
ಅವರ ನಗಿ ಅಲ್ಲೇ ನಿಂತಿತು. ಬೀಳೋದರ ಲೆಕ್ಕ
ನನಗಿಂತ ಅವರಿಗೇ ಚಲೋ ಗೊತ್ತು.
ನಾಲ್ಕು ಹುಡುಗ್ಯಾರು, ಅಂದ್ರು ಮೆಲ್ಲಕ. ಐದೂ ಆಗಬಹುದು.

ಉದ್ದಕ್ಕ ಜಗ್ಗಿದ್ರ ಇದು ತಾಳತೈತಿ, ಅಡ್ಡ ಜಗ್ಗಿದ್ರ ಇಲ್ಲ.
ಈರಪ್ಪ ಒಮ್ಮೆ ಅಡ್ಡ ಹಾಕಿದ್ದ.
ಅವನ ಹೆಬ್ಬೆರಳಿನ ಕಥಿ ಈಗ ಬ್ಯಾಡ.

ಹಳೇದಕ್ಕ ಏನಾಗಿತ್ರಿ?
ಏನೂ ಆಗಿಲ್ಲ, ಬಣ್ಣ ಹೋಗೇತಿ ಅಷ್ಟ,
ಅಂತ ಚೀಲದಿಂದ ತಗದು ಗಲ್ಲಾದ ಮ್ಯಾಲಿಟ್ರು.
ಬಾಗಲಿಗೆ ಒಯ್ದು ಬಿಸಲಿಗೆ ಹಿಡದೆ.

ತಿರುಪಿನ ಎಳಿಗೂಳು ಕರ್ರಗ, ಎಣ್ಣಿಯೊಳಗ ಮಲಗ್ಯಾವ.
ಒಂದು ತುದಿಗೆ ಮಾತ್ರ,
ನಟ್ಟು ಹೋಗಿ ಮುಟ್ಟಬೇಕಾದ ಗೋಡಿ ಹತ್ರ,
ಮೂರು ಸುತ್ತು
ಕೆಂಪಗ.
ಗಾಳಿ ಕಾಣಬಾರದ ಜಾಗಾ
ಸಮುದ್ರದ ಗಾಳಿ ಉಂಡಿತ್ತು, ಒಂದೆರಡು ದಿನ ಅಲ್ಲ.

ನಟ್ಟು ಯಾವ ಕಡೆ ಬಿಗಿದಿದ್ರಿ ತಾಯಿ?
ಮ್ಯಾಲಕ್ಕ.
ಹಗ್ಗ ಅಲುಗಿದಾಗೊಮ್ಮೆ ಕೂದಲಷ್ಟು ಕೆಳಗ ಇಳದೈತಿ ಅದು.
ಭಾರ ಇದ್ದದ್ದು ಯಾವಾಗಲೂ ಕೆಳಗ ಹೋಗತೈತಿ,
ಬಿಗಿಯೋ ದಿಕ್ಕೂ ಕೆಳಗ ಇರಲಿ.
ಆಗ ಅಲುಗಾಟನ ನಿಮ್ಮ ಕೆಲಸ ಮಾಡತೈತಿ.

ಅವರು ಸ್ಟೂಲ್ ಹುಡುಕಿದ್ರು.
ಭಾಯಿ ಚಾ ಹೇಳಿದ.
ಮೂರು ವರ್ಷ, ಅಂದ್ರು. ಆಮ್ಯಾಲ
ಒಂದೊಂದ ಹೆಸರು, ಹಾಜರಿ ಕರದಂಗ.
ಹನ್ನೊಂದಕ್ಕ ನಿಲ್ಲಲಿಲ್ಲ.
ಸಾಲಿ ಬಿಟ್ಟಾಕಿ, ಊರು ಬಿಟ್ಟಾಕಿ,
ಎಲ್ಲಾರನ್ನೂ ಕರದ್ರು.
ಚಾ ಮ್ಯಾಲ ಕೆನಿ ಕಟ್ಟಿತು.

ರೊಕ್ಕದ ಮಾತು ಎತ್ತಲಿಲ್ಲ.
ಹೊಸದನ್ನ ತಾವ ತಿರುಗಿಸಿದ್ರು,
ಮುಟ್ಟೋತನಕ ಬೆರಳಿಲೆ, ಆಮ್ಯಾಲ ಪಾನಾದಿಂದ ಕಾಲು ಸುತ್ತು.
ಬೆಳಕಿಗೆ ಎತ್ತಿ ಹಿಡದ್ರು.
ಒಂದೂ ಎಳಿ ಕಾಣವಲ್ದು, ಅಂದ್ರು.

ಕಾಣಬಾರದ್ರಿ.
ದಿನಾ ಮುಂಜಾನೆ ಏಣಿ ಹತ್ತಿ ನೋಡ್ರಿ, ಕಾಣಬಾರದು.

ಅವರು ಹೋದ ಮ್ಯಾಲ ಹಳೇದನ್ನ ವೈಸಿಗೆ ಕಚ್ಚಿಸಿ
ಗರಗಸದಿಂದ ಎರಡು ಮಾಡಿದೆ.
ಚಲೋ ಐತಲ್ಲೋ ಜೋಗಿ, ಯಾರಾದ್ರೂ ಒಯ್ತಿದ್ರು, ಅಂದ ಭಾಯಿ.

ಅದಕ್ಕ, ಅಂದೆ.