ಫೈನ್

ಹೇಗಿದ್ದೀರಿ ಅಂದರೆ ಎಮ್ರಿಸ್
ಪ್ರತಿ ಸಲವೂ ‘ಫೈನ್’ ಅನ್ನುತ್ತಿದ್ದ,
ಕೆಮ್ಮು ಮುಗಿದ ಮೇಲೆ.
ನಲವತ್ತು ವರ್ಷ ಸ್ಲೇಟುಗಲ್ಲು ಸೀಳಿದವನು.
ಎದೆಯೊಳಗೆ ಕೂತಿರುವುದೂ ಅದೇ ಅಂತ
ಡಾಕ್ಟರು ಬರೆದುಕೊಟ್ಟಿದ್ದರು: ಫೈನ್ ಧೂಳು.
ಜರಡಿಗೆ ಸಿಗದ್ದು, ಮೂಗಿಗೆ ತಿಳಿಯದ್ದು,
ಉಸಿರಿನ ಬೆನ್ನು ಹತ್ತಿ ಒಳಗೆ ಹೋಗಿ
ಅಲ್ಲೇ ಬಿಡಾರ ಹೂಡಿದ್ದು.

ಪುಸ್ತಕ ತಡವಾದರೆ
ಲೈಬ್ರರಿಯಲ್ಲಿ ನಾನು ಹಾಕುವುದೂ ಫೈನೇ.
‘ನೋಡು ಎಲುನೆಡ್, ಒಂದೇ ಪದ
ಮೂರು ಕಡೆಯಿಂದ ಹಿಡಿದಿದೆ ನನ್ನ’
ಎನ್ನುತ್ತ ಚಿಲ್ಲರೆ ಎಣಿಸುತ್ತಿದ್ದ.
ಹೊರಗೆ ಮಳೆ. ರೇಡಿಯೋ ಮಾತ್ರ
ನಾಳೆ ಹವೆ ಫೈನ್ ಅನ್ನುತ್ತಿತ್ತು.
ವೇಲ್ಸಿನ ಈ ಕಣಿವೆಯಲ್ಲಿ ಅದನ್ನು ಯಾರೂ ನಂಬುವುದಿಲ್ಲ.

ಇವತ್ತು ನಿಜಕ್ಕೂ ಬಿಸಿಲು.
ಅವನ ತಂಗಿ ಮೊರ್ವಿದ್ ಬಂದು
ವೃಂದಗಾನದ ಸ್ವರಪುಸ್ತಕ ಮರಳಿಸಿದಳು,
ಐದು ವಾರ ತಡ.
ಕೊನೆಯ ಪುಟದ ಬುಡದಲ್ಲಿ, ಓರೆಯಾಗಿ,
ಅದೇ ನಾಲ್ಕು ಇಂಗ್ಲಿಷ್ ಅಕ್ಷರ.
ಹಾಡುವವರ ಬಾಯಲ್ಲಿ ಅದು ‘ಫೀನೆ’:
ಇಲ್ಲಿಗೆ ಮುಗಿಸು.
ಸುತ್ತಲೂ ಪೆನ್ಸಿಲಿನ ಗೆರೆ, ಪಕ್ಕದಲ್ಲಿ ಅವನ ಕೈಬರಹ:
ಮೊದಲು ಉಸಿರು ತಗೋ.

ದುಡ್ಡೆಷ್ಟು, ಅಂದಳು ಮೊರ್ವಿದ್.
ಏನಿಲ್ಲ, ಅಂದೆ.
ಹೇಗಿದ್ದೀಯ ಅಂತ ಮಾತ್ರ ಕೇಳಲಿಲ್ಲ;
ಉತ್ತರ ಗೊತ್ತಿತ್ತು.